ಆಕ್ಸಿಜನ್ ಹಚ್ಚಿದರೆ ಮುಗೀತು ಅನ್ನುತ್ತಿದ್ದ ಕಾಲ

ನರ್ಸಿಂಗ್ ಓದಲು ಸೇರಿದ ಹುಡುಗಿಯರು ನಮ್ಮ ಮನೆಗೆ ಬಂದರೆ ಕೇಳುವುದು ಒಂದೇ ಪ್ರಶ್ನೆ. "ಹೃದಯ, ಶ್ವಾಸಕೋಶದ ಪಾಠ ಭಾಳ ಕಠಿಣಂತ, ಹೌದೇನ್ರಿ ಕಾಶೀಬಾಯಿ?" ಕಠಿಣ ಹೌದು. ಆದರೆ ಅದನ್ನು ಕಲಿತ ಮೇಲೆ, ಉಬ್ಬಸದಿಂದ ತುಟಿ ನೀಲಿಯಾದ ಒಬ್ಬ ಮುದುಕನನ್ನು ಆಕ್ಸಿಜನ್ ಹಚ್ಚಿಸಿಕೊಳ್ಳಲು ಒಪ್ಪಿಸುವುದಿದೆಯಲ್ಲ, ಅದು ಇನ್ನೂ ಕಠಿಣ. ಮೊದಲನೆಯದು ಪುಸ್ತಕದಲ್ಲಿ ಸಿಗುತ್ತದೆ. ಎರಡನೆಯದು ಸಿಗುವುದಿಲ್ಲ. ನನಗೆ ಈಗ ಡ್ಯೂಟಿಯೂ ಇಲ್ಲ, ಯಾರ ಬೈಗುಳದ ಭಯವೂ ಇಲ್ಲ, ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ನಾನು ತೊಂಬತ್ತರ ದಶಕದ ಆರಂಭದಲ್ಲಿ ಹುಮನಾಬಾದಿನ ಒಂದು ಸಣ್ಣ ಖಾಸಗಿ ದವಾಖಾನೆಗೆ ನರ್ಸಾಗಿ ಸೇರಿದೆ. ಅದನ್ನು ನಡೆಸುತ್ತಿದ್ದವರು ಶ್ರೀಪತಿ ರಾವ್ ಎಂಬ ಡಾಕ್ಟರು. ಸಮುದ್ರದ ಕಡೆಯವರು, ಎದೆರೋಗ ಓದಿದವರು. ನಮ್ಮ ಕಡೆಯ ಬಿಸಿಲಿಗೆ ಹೇಗೆ ಬಂದು ಬಿದ್ದರೋ ಅವರಿಗೇ ಗೊತ್ತಿರಲಿಲ್ಲ. ಮಾತು ಪುಸ್ತಕದ ಹಾಗೆ, ಸಿಟ್ಟು ಮಾತ್ರ ನಮ್ಮೂರಿನವರ ಹಾಗೆ. ಕೆಲ ವರ್ಷಗಳ ನಂತರ ಅವರು ಬಸವಕಲ್ಯಾಣದಲ್ಲಿ ಎದೆರೋಗಕ್ಕೆಂದೇ ಒಂದು ವಾರ್ಡು ತೆರೆದಾಗ ನನ್ನನ್ನೂ ವಾರ್ಡ್‌ಬಾಯ್ ಖಾಜಾಮಿಯಾನನ್ನೂ ಅಲ್ಲಿಗೆ ಹಾಕಿದರು. ನನ್ನ ಕೆಲಸದ ಬದುಕೆಲ್ಲ ಈ ಎರಡು ಊರುಗಳ ನಡುವಿನ ಬಸ್ಸಿನಲ್ಲಿ ಓಡಾಡುತ್ತಲೇ ಮುಗಿಯಿತು.

ನಮ್ಮ ಜನ ದವಾಖಾನೆಗೆ ಹೆದರುವವರಲ್ಲ. ಇಂಜೆಕ್ಷನ್ ಕೊಡದಿದ್ದರೆ "ಇವನೆಂಥ ಡಾಕ್ಟರ" ಎಂದು ಬೈದು ಹೋಗುವವರು. ಸಲೈನ್ ಏರಿಸಿದರೆ ಊರಿಗೆ ಹೋಗಿ ಹೇಳಿಕೊಂಡು ತಿರುಗುವವರು. ಹೆದರಿಕೆ ಇದ್ದದ್ದು ಆಕ್ಸಿಜನ್ ಒಂದಕ್ಕೇ. ಆ ಕಪ್ಪು ಸಿಲಿಂಡರನ್ನು ಮಂಚದ ಕಡೆ ಉರುಳಿಸಿಕೊಂಡು ಬರುವ ಸದ್ದು ಕೇಳಿದರೆ ಸಾಕು, ಹೆಂಗಸರು ಸೆರಗು ಬಾಯಿಗೆ ಹಚ್ಚುತ್ತಿದ್ದರು. ಕಾರಣವೂ ಇತ್ತು. ಅವರ ಊರಿನಲ್ಲಿ ಯಾರಿಗೆ ಆಕ್ಸಿಜನ್ ಹಚ್ಚಿದ್ದರೋ ಅವರೆಲ್ಲ ಹೋಗಿಬಿಟ್ಟಿದ್ದರು. ಕೊನೆಯ ಗಳಿಗೆಯವರೆಗೂ ಬೇಡ ಬೇಡ ಎಂದು ತಡೆದು, ಕಣ್ಣು ಮೇಲಾದಾಗ ಹೂಂ ಅಂದರೆ ಇನ್ನೇನಾಗುತ್ತದೆ? ಹೋದವರನ್ನು ನೋಡಿ ಇದ್ದವರು ಹೆದರುವುದು, ಹೆದರಿ ತಡಮಾಡಿ ಅವರೂ ಹೋಗುವುದು. ಇದನ್ನು ಮುರಿಯುವುದು ಹೇಗೆಂದು ನನಗೆ ಬಹಳ ವರ್ಷ ತಿಳಿಯಲಿಲ್ಲ.

ಮೊದಲು ನಾನು ಕಲಿತ ಕಥೆ ಹೇಳುತ್ತೇನೆ. ರಾವ್ ಡಾಕ್ಟರು ಮಧ್ಯಾಹ್ನ ರೋಗಿಗಳು ಕಡಿಮೆಯಾದಾಗ ನಮ್ಮನ್ನು ಕೂಡಿಸಿ ಪಾಠ ಹೇಳುತ್ತಿದ್ದರು. ಗೋಡೆಯ ಮೇಲೆ ಎದೆಯ ಒಂದು ದೊಡ್ಡ ಚಿತ್ರ. ಧಮನಿ ಎಂದರೆ ಕೆಂಪು, ಅಭಿಧಮನಿ ಎಂದರೆ ನೀಲಿ ಎಂದು ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಚಿತ್ರದಲ್ಲಿ ನೋಡಿದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಧಮನಿಗೆ ನೀಲಿ ಬಳಿದಿದ್ದರು. ಅಲ್ಲಿಂದ ಮರಳಿ ಬರುವ ಅಭಿಧಮನಿಗೆ ಕೆಂಪು.

"ಸಾರ್, ಛಾಪಿಸಿದವ್ರು ಬಣ್ಣ ಅದಲಿ ಬದಲಿ ಮಾಡ್ಯಾರ್ರಿ" ಎಂದೆ, ದೊಡ್ಡ ತಪ್ಪು ಕಂಡುಹಿಡಿದವಳ ಹಾಗೆ.

ಅವರು ಬೈಯಲಿಲ್ಲ. ಕಿಟಕಿಯಿಂದ ಕಾಣುತ್ತಿದ್ದ ಬಸ್ ಸ್ಟ್ಯಾಂಡ್ ತೋರಿಸಿದರು. "ಅಲ್ಲಿಂದ ಹೊರಗೆ ಹೋಗುವ ಬಸ್ಸಿನಲ್ಲಿ ಜನ ಇರಬಹುದು, ಇಲ್ಲದೆಯೂ ಇರಬಹುದು. ಹೊರಗೆ ಹೋಗುವುದು ಎಂಬುದು ಬದಲಾಗುತ್ತದೆಯಾ ಮಾರಾಯ್ರೆ? ಹೃದಯದಿಂದ ಹೊರಟದ್ದು ಧಮನಿ, ಹೃದಯಕ್ಕೆ ಬಂದದ್ದು ಅಭಿಧಮನಿ. ಒಳಗಿನ ರಕ್ತದ ಬಣ್ಣ ನೋಡಿ ಹೆಸರಿಡುವುದಲ್ಲ. ಇದೊಂದು ಜಾಗದಲ್ಲಿ ಹೊರಡುವ ಬಸ್ಸು ಖಾಲಿ, ಬರುವ ಬಸ್ಸು ತುಂಬಿದ್ದು. ತುಂಬಿಸುವ ಜಾಗ ಶ್ವಾಸಕೋಶ."

ಅವತ್ತಿನಿಂದ ಇವತ್ತಿನವರೆಗೆ ನಾನು ಆ ಪಾಠ ಮರೆತಿಲ್ಲ. ನೀವೂ ಪರೀಕ್ಷೆಯಲ್ಲಿ ತಬ್ಬಿಬ್ಬಾದರೆ ಬಸ್ ಸ್ಟ್ಯಾಂಡ್ ನೆನೆಸಿಕೊಳ್ಳಿ.

ಚಿತ್ರ ನೋಡಿ ಸಾಕಾಯಿತೆಂದು ಡಾಕ್ಟರು ಒಂದು ದಿನ ವಾರ್ಡ್‌ಬಾಯ್ ಖಾಜಾಮಿಯಾಗೆ ಆಡಿನ ಹೃದಯ, ಶ್ವಾಸಕೋಶ, ಗಾಳಿಕೊಳವೆ, ಎಲ್ಲವೂ ಒಂದಕ್ಕೊಂದು ಅಂಟಿಕೊಂಡ ಹಾಗೇ ಕಸಾಯಿ ಅಂಗಡಿಯಿಂದ ತರಲು ಹೇಳಿದರು. ನಾನು ಲಿಂಗಾಯತರ ಮನೆಯ ಮಗಳು. ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ನಮ್ಮ ಅವ್ವ ಬಾಯಿ ಮುಕ್ಕಳಿಸುತ್ತಿದ್ದಳು. ಟ್ರೇ ಮುಂದೆ ಬಂದಾಗ ಸೆರಗಿನಿಂದ ಮೂಗು ಮುಚ್ಚಿ, ಒಂದು ಕಣ್ಣು ಮಾತ್ರ ತೆರೆದು ನಿಂತೆ. ಗಾಳಿಕೊಳವೆಗೆ ಒಂದು ರಬ್ಬರ್ ನಳಿಗೆ ಸಿಕ್ಕಿಸಿ ಡಾಕ್ಟರು ನನ್ನ ಕೈಗೇ ಕೊಟ್ಟರು.

"ಊದಿ ಸಿಸ್ಟರ್."

"ನಾನಾ ರೀ?"

"ಛಾಪಿಸಿದವರ ತಪ್ಪು ಹಿಡಿದವರು ನೀವೇ ಅಲ್ಲವಾ?"

ಖಾಜಾಮಿಯಾ ಹಲ್ಲು ಕಿರಿದ. "ಊದ್ರಿ ಕಾಶೀಬಾಯಿ, ಅದೇನ್ ಕಚ್ತದೇನ್ರಿ? ಮುಂಜಾನೇನೇ ಖತಂ ಆಗ್ಯದ."

ಕಣ್ಣು ಮುಚ್ಚಿ ಊದಿದೆ. ಯಾರೋ ಆಹಾ ಎಂದರು, ಕಣ್ಣು ಬಿಟ್ಟೆ. ಮುದುಡಿ ಬಿದ್ದಿದ್ದ ಆ ಮಾಂಸದ ಮುದ್ದೆ ಅರಳಿಕೊಂಡು, ನಸುಗೆಂಪಾಗಿ, ಟ್ರೇ ತುಂಬಿ ನಿಂತಿತ್ತು. ನಳಿಗೆಯಿಂದ ಬಾಯಿ ತೆಗೆದರೆ ತಾನೇ ನಿಧಾನಕ್ಕೆ ಕುಗ್ಗಿತು. ಮತ್ತೆ ಊದಿದೆ, ಮತ್ತೆ ಅರಳಿತು. ಒಂದು ತುಣುಕು ಕತ್ತರಿಸಿ ನೀರಿಗೆ ಹಾಕಿದರೆ ತೇಲಿತು. ಅಷ್ಟು ಗಾಳಿ ಹಿಡಿದುಕೊಂಡಿರುತ್ತದೆ ಅದು. ನನಗೆ ಹೇಸಿಗೆ ಯಾವಾಗ ಹೋಯಿತೋ ಗೊತ್ತಿಲ್ಲ. ನನ್ನ ಎದೆಯೊಳಗೂ ಇಂಥದ್ದೇ ಒಂದು, ಯಾರೂ ಹೇಳದೆ, ಹಗಲೂ ರಾತ್ರಿ ಅರಳಿ ಕುಗ್ಗುತ್ತಿದೆ ಎಂದು ತಿಳಿದು ಮೈ ಝುಮ್ಮೆಂದಿತು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಟ್ಟೆ, ಅದು ಬೇರೆ ಮಾತು. ಆದರೆ ಅವತ್ತು ನನಗೆ ಈ ಕೆಲಸದ ಹುಚ್ಚು ಹಿಡಿಯಿತು.

ಹುಚ್ಚು ಹಿಡಿದದ್ದಕ್ಕೆ ಪ್ರಸಾದವೂ ಸಿಕ್ಕಿತು. ಗುಲ್ಬರ್ಗಾದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಬಾಯಿ ಪ್ರಶ್ನೆಗೆ ನಿಂತಿದ್ದೆ. "ಬಲಗಡೆಯ ಶ್ವಾಸಕೋಶಕ್ಕೆ ಎಷ್ಟು ಪಾಲು?" ಎಂದು ಪರೀಕ್ಷಕರು ಕೇಳಿದರು.

"ನಾಲ್ಕು ಸಾರ್" ಎಂದೆ. ಮೇಲಿನ ಪಾಲಿಗೆ ಗಾಳಿಕೊಳವೆಯಿಂದ ನೇರ ಒಂದು ಕೊಂಬೆ ಹೋಗುತ್ತದೆ ಎಂದೂ ಕೇಳದೆಯೇ ಸೇರಿಸಿದೆ.

ಅವರು ಕನ್ನಡಕ ತೆಗೆದರು. "ನಾಲ್ಕಾ? ಯಾವ ಪುಸ್ತಕದಲ್ಲಿದೆ?"

"ಪುಸ್ತಕದಾಗಲ್ಲರಿ, ನಾನೇ ಕೈಯಾರ ಊದಿ ಎಣಿಸೀನ್ರಿ."

"ಯಾರದನ್ನ ಊದಿದಿರಿ ತಾಯಿ?"

"ಆಡಿಂದು ರೀ."

ಅವರು ಎಷ್ಟು ನಕ್ಕರೆಂದರೆ ಪಕ್ಕದ ಕೋಣೆಯ ಪರೀಕ್ಷಕರು ಬಂದು ಇಣುಕಿದರು. ಆಡಿಗೆ ಹಾಗೇ ಇರುತ್ತದಂತೆ. ಮನುಷ್ಯನಿಗೆ ಬಲಕ್ಕೆ ಮೂರೇ, ಎಡಕ್ಕೆ ಎರಡು, ಹೃದಯಕ್ಕೆ ಜಾಗ ಬಿಡಬೇಕಲ್ಲ. "ಆಡುಗಳ ದವಾಖಾನೆ ತೆರೆದರೆ ನಿಮ್ಮನ್ನೇ ಕರೆಸುತ್ತೇನೆ" ಎಂದು ಪಾಸು ಮಾಡಿ ಕಳಿಸಿದರು. ರಾವ್ ಡಾಕ್ಟರಿಗೆ ಬಂದು ಹೇಳಿದರೆ ಅವರು ಹಣೆ ಬಡಿದುಕೊಂಡು, "ಅದು ನಾನು ಹೇಳಬೇಕಿತ್ತು, ಮರೆತೆ ಮಾರಾಯ್ರೆ" ಎಂದರು. ಖಾಜಾಮಿಯಾ ಮಾತ್ರ ವರ್ಷಗಟ್ಟಲೆ ನನ್ನನ್ನು ಕಂಡಾಗಲೆಲ್ಲ ನಾಲ್ಕು ಬೆರಳು ಎತ್ತಿ ಸಲಾಂ ಹೊಡೆಯುತ್ತಿದ್ದ.

ಇನ್ನು ಶರಣಪ್ಪನವರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಬರಹಕ್ಕೆ ಕಾರಣವೇ ಅವರು. ಶರಣಪ್ಪನವರ ಊರು ಹುಲಸೂರು. ಬಸವಕಲ್ಯಾಣದಲ್ಲಿ ಅಡತಿ ಅಂಗಡಿ, ತೊಗರಿ, ಜೋಳದ ವ್ಯಾಪಾರ. ಇಡೀ ಜೀವಮಾನ ಕಾಳಿನ ಧೂಳು ಕುಡಿದದ್ದು ಸಾಲದೆಂದು ಮೇಲೆ ಬೀಡಿ. ಬೀಡಿ ಬಿಡಿಸಿದ್ದು ರಾವ್ ಡಾಕ್ಟರು, ಆದರೆ ತಡವಾಗಿತ್ತು. ಶ್ವಾಸಕೋಶ ಹಳೆಯ ರಬ್ಬರಿನ ಹಾಗೆ ಸಡಿಲಾಗಿತ್ತು, ಒಳಗೆ ಹೋದ ಗಾಳಿ ಹೊರಗೆ ಬರುತ್ತಿರಲಿಲ್ಲ. ಪ್ರತಿ ಚಳಿಗಾಲಕ್ಕೂ ನಮ್ಮ ವಾರ್ಡಿಗೆ ಬರುವವರು. ದೊಡ್ಡ ಗಂಟಲು, ದೊಡ್ಡ ನಗು, ಸಿಟ್ಟೂ ದೊಡ್ಡದೇ. ಉಸಿರು ಮಾತ್ರ ಸಣ್ಣದು.

ಮೊದಲ ಸಲ ಬಂದಾಗ ತೆಗೆದ ಎಕ್ಸ್‌ರೇ ನೋಡಿ ರಾವ್ ಡಾಕ್ಟರ ಮುಖ ಕಪ್ಪಿಟ್ಟಿತು. ಎದೆಯ ನಟ್ಟನಡುವೆ ದುಂಡಗೆ, ಬೆಳ್ಳಗೆ, ನೆಲ್ಲಿಕಾಯಿಗಿಂತ ದೊಡ್ಡದೊಂದು ನೆರಳು. ನನ್ನನ್ನು ಪಕ್ಕಕ್ಕೆ ಕರೆದು, "ಇವರ ಮನೆಯವರು ಯಾರಾದರೂ ಬಂದಿದ್ದಾರಾ? ಗಡ್ಡೆ ಇದ್ದ ಹಾಗಿದೆ. ಆದರೆ ಇಷ್ಟು ನೀಟಾದ ಗಡ್ಡೆ ನಾನು ನೋಡಿಲ್ಲ" ಎಂದರು. ನಾನು ಫಿಲ್ಮು ಬೆಳಕಿಗೆ ಹಿಡಿದು ನೋಡಿದೆ, ಶರಣಪ್ಪನವರನ್ನು ನೋಡಿದೆ. ಹೋಗಿ ಅವರ ಬನಿಯನ್ ಗುಂಡಿ ಬಿಚ್ಚಿದೆ. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ.

"ಇದನ್ ತಗೀಲಿಲ್ಲೇನ್ರಿ ಫೋಟೋ ಹೊಡಸಾಗ?"

"ಯಾಕ ತಗೀಬೇಕು? ಲಿಂಗ ಬಿಟ್ಟು ನಾ ಜಳಕಾನೂ ಮಾಡಂಗಿಲ್ಲ." ಆಮೇಲೆ ವಿಷಯ ತಿಳಿದು, "ನನ್ನ ಲಿಂಗಕ್ಕ ಗಡ್ಡಿ ಅಂದ್ರೇನು ನಿಮ್ ಡಾಕ್ಟರು?" ಎಂದು ನಗಲು ಹೋಗಿ ಕೆಮ್ಮಿ ಕೆಮ್ಮಿ ಸುಸ್ತಾದರು.

ತಪ್ಪು ಎಕ್ಸ್‌ರೇ ತೆಗೆಯುವವನದೂ ಅಲ್ಲ. ಎದೆಯನ್ನು ಫಿಲ್ಮಿನ ಪೆಟ್ಟಿಗೆಗೆ ಒತ್ತಿ ನಿಲ್ಲಿಸುತ್ತಾರೆ, ಅವನಿಗೆ ಕಾಣುವುದು ಬೆನ್ನು. ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿಯಾಯಿತು. "ಉಸಿರು ಹಿಡೀರಿ" ಅನ್ನುವುದಕ್ಕೆ ಮೊದಲು "ಲಿಂಗ ಮುಷ್ಟಿಯಾಗ ಹಿಡೀರಿ" ಅನ್ನುವುದು. ದೇಹದಿಂದ ದೂರವಾಗಬಾರದು, ಎದೆಯ ಮೇಲೂ ಇರಬಾರದು. ಡಾಕ್ಟರಿಗೂ ಸಮಾಧಾನ, ಲಿಂಗದವರಿಗೂ ಸಮಾಧಾನ.

ಇಂಥ ರೋಗಿಗಳಿಗೆ ಔಷಧದಷ್ಟೇ ಮುಖ್ಯವಾದದ್ದು ಉಸಿರು ಬಿಡುವುದನ್ನು ಕಲಿಸುವುದು. ತುಟಿ ಸಣ್ಣಗೆ ಮಾಡಿ, ನಿಧಾನವಾಗಿ, ಉದ್ದಕ್ಕೆ ಬಿಡಬೇಕು. ಹಾಗೆ ಬಿಟ್ಟರೆ ಒಳಗಿನ ಸಣ್ಣ ಸಣ್ಣ ಕೊಳವೆಗಳು ಮುಚ್ಚಿಕೊಳ್ಳುವುದಿಲ್ಲ, ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ. ಹೀಗೆಂದು ಹೇಳಿದರೆ ಎಲ್ಲರೂ ತಲೆಯಾಡಿಸುವರು, ಆಮೇಲೆ ಒಲೆ ಊದುವ ಹಾಗೆ ಫೂ ಎಂದು ಒಮ್ಮೆಲೇ ಊದುವರು. ದೀಪದ ಕುಡಿ ಬಾಗಬೇಕು, ಆರಬಾರದು, ಹಾಗೆ ಊದಿಸಬೇಕೆಂದು ಎಲ್ಲೋ ಓದಿದ್ದೆ. ಸಂತೋಷದಿಂದ ಮನೆಯಿಂದ ಒಂದು ಹಣತೆ ತಂದು ವಾರ್ಡಿನಲ್ಲಿ ಹಚ್ಚಿಯೇಬಿಟ್ಟೆ. ರಾವ್ ಡಾಕ್ಟರು ಬಾಗಿಲಿನಿಂದಲೇ ಕೂಗಿಕೊಂಡು ಓಡಿಬಂದು ಕೈಯಿಂದಲೇ ದೀಪ ಆರಿಸಿದರು.

"ಆ ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇದೆ, ಕಣ್ಣಿಗೆ ಕಾಣುವುದಿಲ್ಲವಾ? ನನ್ನ ವಾರ್ಡನ್ನು ಹಾರಿಸುತ್ತೀರಾ?"

ಆಕ್ಸಿಜನ್ ಇರುವಲ್ಲಿ ಬೆಂಕಿ ತರಬಾರದು ಎಂಬುದನ್ನು ನಾನು ಹೀಗೆ ಕಲಿತೆ. ನೀವು ಓದಿ ಕಲಿಯಿರಿ.

ಮರುದಿನ ಬೆಳಗ್ಗೆ ಶರಣಪ್ಪನವರು ಮಂಚದ ಮೇಲೆ ನೆಟ್ಟಗೆ ಕೂತು ಲಿಂಗಪೂಜೆ ಮಾಡುತ್ತಿದ್ದರು. ಎಡ ಅಂಗೈ ಮೇಲೆ ಲಿಂಗ, ಲಿಂಗದ ಸುತ್ತ ಅಂಗೈಯಲ್ಲಿ ಒಂದಿಷ್ಟು ವಿಭೂತಿ, ಕೈ ಮುಖದ ಮುಂದೆ, ದೃಷ್ಟಿ ಅದರ ಮೇಲೆ. ಏದುಸಿರಿನ ಮನುಷ್ಯ, ಆದರೆ ಆ ಹೊತ್ತಿಗೆ ತುಟಿ ಕಿರಿದು ಮಾಡಿ ಉಸಿರನ್ನು ಎಷ್ಟು ಜೋಪಾನವಾಗಿ ಬಿಡುತ್ತಿದ್ದರೆಂದರೆ ವಿಭೂತಿಯ ಒಂದು ಕಣವೂ ಹಾರಲಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಪೂಜೆ ಮುಗಿದ ಮೇಲೆ ಕೇಳಿದೆ, "ಇದಾ ಉಸಿರು ದಿನಾ ಮೂರು ಹೊತ್ತು ಬಿಡ್ತೀರೇನ್ರಿ?"

"ಪೂಜಿ ಮೂರು ಹೊತ್ತು ಮಾಡಂತೀ ಏನವ್ವ? ಮಾಡ್ತೀನಿ. ನಿನ್ನ ಗುಳಗಿಗಿಂತ ಛಲೋ ಅದ."

ಆಮೇಲೆ ಲಿಂಗ ಕಟ್ಟಿದವರಿಗೆಲ್ಲ ನಾನು ಇದನ್ನೇ ಹೇಳತೊಡಗಿದೆ: ವಿಭೂತಿ ಹಾರದ ಹಾಗೆ ಉಸಿರು ಬಿಡಿ. ಬೇರೆಯವರಿಗೆ ಅಂಗೈ ಮೇಲೆ ಹತ್ತಿಯ ಒಂದು ಎಳೆ. ಅದು ಅಲುಗಬೇಕು, ಬೀಳಬಾರದು. ಖಾಜಾಮಿಯಾ ಆ ಹತ್ತಿಗೆ ಅತ್ತರು ಹಚ್ಚಿ ಕೊಟ್ಟು ನನ್ನಿಂದ ಬೈಸಿಕೊಂಡ. ವಾಸನೆಗೇ ಕೆಲವರಿಗೆ ಕೆಮ್ಮು ಶುರುವಾಗಿತ್ತು.

ಉಸಿರಾಟದ ಪಾಠ ಒಪ್ಪಿದ ಶರಣಪ್ಪನವರು ಆಕ್ಸಿಜನ್ ಮಾತ್ರ ಒಪ್ಪಲಿಲ್ಲ. "ನಮ್ಮ ಕಾಕಾಗ ಹಚ್ಚಿದ್ರು, ಹೋದ. ನಮ್ಮ ಸೋದರತ್ತಿಗಿ ಹಚ್ಚಿದ್ರು, ಹೋದ್ಳು. ನನಗ ಹಚ್ಚಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ." ಪ್ರತಿ ಚಳಿಗಾಲಕ್ಕೂ ಅವರ ಉಸಿರು ಇನ್ನಷ್ಟು ಸಣ್ಣದಾಗುತ್ತಿತ್ತು. ಹೀಗೇ ಬಿಟ್ಟರೆ ಮುಂದಿನ ಚಳಿಗಾಲ ಕಾಣುವುದಿಲ್ಲ ಎಂದು ರಾವ್ ಡಾಕ್ಟರು ನನಗೆ ಹೇಳಿದ್ದರು. ನನಗೆ ನಿಜವಾಗಿ ಸಂಕಟವಾಯಿತು. ಆ ಮನುಷ್ಯ ನಮ್ಮ ವಾರ್ಡಿನ ನಗು.

ಆ ವರ್ಷದ ಚಳಿಯಲ್ಲಿ ಅವರನ್ನು ಜೀಪಿನಲ್ಲಿ ಹಾಕಿಕೊಂಡು ತಂದರು. ತುಟಿ, ಉಗುರು ನೇರಳೆ ಹಣ್ಣಿನ ಬಣ್ಣ. ಬೇಡ ಅನ್ನುವುದಕ್ಕೂ ಶಕ್ತಿ ಇರಲಿಲ್ಲ. ತಮ್ಮ ಬಂಡೆಪ್ಪ ಅಳುತ್ತಲೇ ಒಪ್ಪಿದ, ನಾವು ಆಕ್ಸಿಜನ್ ಹಚ್ಚಿದೆವು. ಇಂಥವರಿಗೆ ಆಕ್ಸಿಜನ್ ಕೊಡುವುದರಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಓದಿ. ವರ್ಷಗಟ್ಟಲೆ ಉಬ್ಬಸ ಇದ್ದವರ ಮೈ ಕೆಟ್ಟ ಗಾಳಿಗೆ ಒಗ್ಗಿಹೋಗಿರುತ್ತದೆ. ಆಕ್ಸಿಜನ್ ಕಡಿಮೆಯಾಗಿದೆ ಎಂಬ ಸುದ್ದಿಯೇ ಅವರ ಮಿದುಳಿಗೆ ಉಸಿರಾಡು, ಉಸಿರಾಡು ಎಂದು ತಾಕೀತು ಮಾಡುತ್ತಿರುತ್ತದೆ. ಒಮ್ಮೆಲೇ ಆಕ್ಸಿಜನ್ ಸುರಿದರೆ ಆ ತಾಕೀತು ನಿಂತು, ಉಸಿರು ಮಂದವಾಗಿ, ಒಳಗಿನ ಕೆಟ್ಟ ಗಾಳಿ ಹೊರಬೀಳದೆ ಮನುಷ್ಯ ತೂಕಡಿಸತೊಡಗುತ್ತಾನೆ. ಆಗ ನಮಗೆ ಕಲಿಸಿದ್ದು ಹೀಗೆ. ಈಗಿನ ಪುಸ್ತಕಗಳಲ್ಲಿ ಬೇರೆ ಕಾರಣಗಳನ್ನೂ ಸೇರಿಸಿದ್ದಾರೆ, ಮಾಡಬೇಕಾದದ್ದು ಅದೇ: ಕಡಿಮೆ ಕೊಡು, ಕಣ್ಣಿಟ್ಟು ನೋಡು. ನಾವು ಸಿಲಿಂಡರಿನ ಕೀಲಿಯನ್ನು ಸಣ್ಣಗೆ ತಿರುಗಿಸಿದ್ದೆವು. ಆಕ್ಸಿಜನ್ ಹಾದುಬರುವ ನೀರಿನ ಬಾಟಲಿಯಲ್ಲಿ ಗುಳ್ಳೆ ಒಂದೊಂದಾಗಿ ಏಳುತ್ತಿತ್ತು.

ನಾನು ಮರುದಿನ ಬೆಳಗ್ಗೆ ಡ್ಯೂಟಿಗೆ ಬಂದಾಗ ಆ ಬಾಟಲಿ ಅನ್ನದ ಪಾತ್ರೆಯ ಹಾಗೆ ಕೊತಕೊತ ಕುದಿಯುತ್ತಿತ್ತು. ಶರಣಪ್ಪನವರು ಗೊರಕೆಯೂ ಇಲ್ಲದೆ ಮಲಗಿದ್ದರು. ತುಟಿ ಕೆಂಪಗಿದೆ, ಮೈ ಬೆಚ್ಚಗಿದೆ, ಆದರೆ ಕರೆದರೆ ಹೂಂ ಇಲ್ಲ.

"ಯಾರ್ರಿ ಇದನ್ನ ಹೆಚ್ಚು ಮಾಡಿದ್ದು?"

ಬಂಡೆಪ್ಪ ಕಣ್ಣೊರೆಸಿಕೊಳ್ಳುತ್ತಲೇ, ತನ್ನಿಂದಾದದ್ದು ಮಾಡಿದೆನೆಂಬ ಹೆಮ್ಮೆಯಿಂದ ಹೇಳಿದ, "ನಾನೇ ರೀ ಬಾಯಾರ. ಒಂದೊಂದೇ ಗುಳ್ಳಿ ಬರಾಕತ್ತಿತ್ತು. ನಮ್ಮಣ್ಣಗ ಯಾಕ ಕಂಜೂಸಿ ಅಂತ ಪೂರಾ ಬಿಟ್ಟೀನಿ."

ನನ್ನ ಜೀವ ಬಾಯಿಗೆ ಬಂತು. ಆದರೆ ಅವನನ್ನು ಬೈದು ಏನು ಉಪಯೋಗ? ಪ್ರೀತಿಯಿಂದಲೇ ತಿರುಗಿಸಿದ್ದ. ಬೇರೆಯವರು ಹಾಲು ತುಪ್ಪ ಉಣಿಸುವ ಹಾಗೆ ಅವನು ಗುಳ್ಳೆ ಕೊಟ್ಟಿದ್ದ. ಕೀಲಿ ಸಣ್ಣದು ಮಾಡಿ, ಡಾಕ್ಟರನ್ನು ಕರೆಯಲು ಖಾಜಾಮಿಯಾನನ್ನು ಓಡಿಸಿ, ಶರಣಪ್ಪನವರನ್ನು ಎತ್ತಿ ಕೂಡಿಸಿದೆ. ಬೆನ್ನು ತಟ್ಟುತ್ತ, ಹೆಸರು ಕೂಗುತ್ತ, ಕೆಮ್ಮಿಸುತ್ತ, "ಉಸಿರು ಬಿಡ್ರಿ, ಶರಣಪ್ಪನೋರ, ವಿಭೂತಿ ಹಾರಬಾರ್ದು, ಬಿಡ್ರಿ" ಎಂದು ಅರಚುತ್ತಿದ್ದೆ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಅವರೂ ಬೆನ್ನು ತಟ್ಟಿದರು. ಬಿಸಿಲು ಕಿಟಕಿ ದಾಟಿ ಮಂಚಕ್ಕೆ ಬರುವಷ್ಟರಲ್ಲಿ ಶರಣಪ್ಪನವರು ಕಣ್ಣು ತೆರೆದರು.

ಅವರು ಕಣ್ಣು ತೆರೆದು ಮೊದಲು ನೋಡಿದ್ದು ಏನನ್ನು ಎನ್ನುತ್ತೀರಿ? ಬಾಗಿಲಲ್ಲಿ ನಿಂತ ಅಯ್ಯನವರನ್ನು. ನಮ್ಮಲ್ಲಿ ಮನುಷ್ಯನ ಕೊನೆಗಾಲ ಹತ್ತಿರವಾದರೆ ಮಠದ ಅಯ್ಯನವರನ್ನು ಕರೆಸಿ ವಿಭೂತಿ, ವೀಳ್ಯ ಕೊಡಿಸುವ ಪದ್ಧತಿ, ಹೋದ ಮೇಲೆ ಗುಂಡಿಯಲ್ಲಿ ಕೂಡಿಸಿ ಹುಗಿಯುವ ಪದ್ಧತಿ. ಅಣ್ಣ ಮಾತಾಡದ್ದನ್ನು ಕಂಡ ಬಂಡೆಪ್ಪ ನಸುಕಿನಲ್ಲೇ ಹುಲಸೂರಿಗೆ ಫೋನು ಮಾಡಿಬಿಟ್ಟಿದ್ದ. ಅಯ್ಯನವರ ಹಿಂದೆ ನೆಂಟರಿಷ್ಟರು, ಅವರ ಕೈಯಲ್ಲಿ ಹೂವಿನ ಹಾರ, ತೆಂಗಿನಕಾಯಿ, ವಿಭೂತಿ ತಟ್ಟೆ.

ಶರಣಪ್ಪನವರು ಹಾರ ನೋಡಿದರು, ಮೂಗಿನ ಮೇಲಿನ ಮಾಸ್ಕ್ ಮುಟ್ಟಿ ನೋಡಿಕೊಂಡರು. ಒಮ್ಮೆಲೇ ಅದನ್ನು ಕಿತ್ತು ಎಸೆದರು. "ಹಚ್ಚೇಬಿಟ್ರಿ! ನಾ ಸತ್ತೆ!" ಎಂದು ಏದುಸಿರು ಬಿಡುತ್ತ ಎದ್ದು ಓಡಲು ನೋಡಿದರು. ನಾನೂ ಡಾಕ್ಟರೂ ಹಿಡಿದರೆ ಇಬ್ಬರನ್ನೂ ನೂಕಿದರು. ತುಟಿ ಮತ್ತೆ ನೀಲಿಯಾಗತೊಡಗಿತು. ಈ ಸಲ ರೋಗದಿಂದಲ್ಲ, ಹೆದರಿಕೆಯಿಂದ ಮನುಷ್ಯ ನಮ್ಮ ಕೈಯಲ್ಲೇ ಹೋಗುತ್ತಾನೆ ಅನ್ನಿಸಿತು. ನನಗೆ ಅಳು ಬಂತು.

ಆಗ ಅಯ್ಯನವರು ಮುಂದೆ ಬಂದರು. ವಯಸ್ಸಾದವರು, ಗಡ್ಡ, ಕೈಯಲ್ಲಿ ಬೆತ್ತ, ಕಣ್ಣಿನಲ್ಲಿ ತುಂಟತನ. ಬೆತ್ತ ಗೋಡೆಗೆ ಒರಗಿಸಿ ಮಂಚದ ಮೇಲೆ ಶರಣಪ್ಪನವರ ಪಕ್ಕದಲ್ಲೇ ಕೂತರು.

"ತಂಗೀ, ಇನ್ನೊಂದು ಅದನವ್ವ ಅಂಥಾದ್ದು? ಹೊಸಾದು? ತಾ, ನನಗ ಹಚ್ಚು."

ನಾನು ಡಾಕ್ಟರ ಮುಖ ನೋಡಿದೆ. ಅವರು ಹಚ್ಚಿ ಎಂದು ಸನ್ನೆ ಮಾಡಿದರು. ಹೊಸ ಮಾಸ್ಕ್ ತಂದು ಅಯ್ಯನವರ ಗಡ್ಡದ ಮೇಲೆ ಹಾಕಿ ನಳಿಗೆ ಸೇರಿಸಿದೆ. ಅಯ್ಯನವರು ಆರಾಮಾಗಿ ಉಸಿರೆಳೆದು, ಮಾಸ್ಕ್ ಗದ್ದಕ್ಕೆ ಇಳಿಸಿ ಹೇಳಿದರು, "ಏನೂ ಇಲ್ಲೋ ಶರಣಾ, ಬರೇ ಗಾಳಿ. ಒಂದೀಟು ತಂಪ ಅದ. ಇದರಿಂದ ಸಾಯೂದಿದ್ರ ನಾನೂ ಈಗ ಸಾಯ್ತೀನಿ. ಇಬ್ಬರನ್ನೂ ಒಂದಾ ತೆಗ್ಗಿನಾಗ ಕೂಡಸ್ಲಿ. ಹ್ಯಾಂಗೂ ತೆಗ್ಗು ತಯಾರದ."

ಶರಣಪ್ಪನವರು ಏದುಸಿರು ಮರೆತರು. "ಯಾವ ತೆಗ್ಗು?"

ಬಂಡೆಪ್ಪ ತನ್ನ ಕಾಲಬೆರಳು ನೋಡತೊಡಗಿದ.

"ಬಂಡ್ಯಾ, ಯಾವ ತೆಗ್ಗೋ?"

"ಅಣ್ಣಾ, ಅದು... ನಮ್ಮ ಹೊಲದಾಗ... ಮುರುಮಿನ ನೆಲ ನೋಡು, ಅಗೀಲಿಕ್ಕ ಹೊತ್ತು ಹಿಡೀತದ ಅಂತ... ಜಲ್ದಿ ಶುರು ಮಾಡ್ರಿ ಅಂತ ಫೋನಿನಾಗ..."

ಶರಣಪ್ಪನವರ ಮುಖ ಕೆಂಪಾಯಿತು. ಬಾಯಿ ತೆರೆದರು, ಮಾತು ಹೊರಡಲಿಲ್ಲ, ಉಸಿರು ಸಾಲದು. ಮತ್ತೆ ತೆರೆದರು, ಮತ್ತೆ ಸಾಲಲಿಲ್ಲ. ಕೊನೆಗೆ ನನ್ನ ಕಡೆ ಕೈ ಚಾಚಿ, "ತಾರವ್ವ ಅದನ್ನ ಇಲ್ಲಿ! ಈ ಮಗನ್ನ ಬೈಲಿಕ್ಕ ಉಸಿರು ಬೇಕು!" ಎಂದರು.

ತಾವೇ ಮಾಸ್ಕ್ ಹಾಕಿಕೊಂಡರು. ಉಸಿರು ಎಳೆದುಕೊಳ್ಳುವುದು, ಮಾಸ್ಕ್ ಸರಿಸುವುದು, ಬೈಯುವುದು, ಮತ್ತೆ ಹಾಕಿಕೊಳ್ಳುವುದು. ಬೈಗುಳ ಹೆಚ್ಚಾದಷ್ಟೂ ತುಟಿಯ ನೀಲಿ ಕಡಿಮೆಯಾಗುತ್ತ ಬಂತು. ರಾವ್ ಡಾಕ್ಟರು ಗೋಡೆಯ ಕಡೆ ತಿರುಗಿ ನಿಂತು ಭುಜ ಕುಲುಕಿಸಿ ನಗುತ್ತಿದ್ದರು. ಬಂಡೆಪ್ಪ ಅಳುತ್ತಿದ್ದ, ನಗುತ್ತಲೂ ಇದ್ದ. ಅಣ್ಣನಿಂದ ಬೈಸಿಕೊಂಡು ಅಷ್ಟು ಖುಷಿಪಟ್ಟವನನ್ನು ನಾನು ಮತ್ತೆ ನೋಡಿಲ್ಲ. ಹೂವಿನ ಹಾರವನ್ನು ಅಯ್ಯನವರು ನನ್ನ ಕೈಗೆ ಕೊಟ್ಟು, "ನಿನ್ನ ಸಿಲಿಂಡರಕ್ಕ ಹಾಕವ್ವ" ಎಂದರು. ನಾನು ಹಾಕಿಯೇಬಿಟ್ಟೆ.

ಆಮೇಲೆ ಉಳಿದದ್ದು ತೆಗ್ಗಿನ ಪ್ರಶ್ನೆ. ತೆಗೆದ ತೆಗ್ಗನ್ನು ಖಾಲಿ ಬಿಡಬಾರದು, ಬಿಟ್ಟರೆ ಅದು ಇನ್ನೊಬ್ಬರನ್ನು ಕರೆಯುತ್ತದೆ ಎಂದು ಅವರ ಮನೆಯ ಹೆಂಗಸರಿಗೆ ಚಿಂತೆ. ಅಯ್ಯನವರು ಅದಕ್ಕೂ ದಾರಿ ಹೇಳಿದರು. ಗೊಬ್ಬರ ತುಂಬಿ ಒಂದು ಸೀತಾಫಲದ ಸಸಿ ಇಡಿ ಎಂದರು. ಶರಣಪ್ಪನವರು ಮನೆಗೆ ಹೋದ ಮೇಲೆ ತಾವೇ ನಿಂತು ಇಡಿಸಿದರಂತೆ.

ಆ ಮೇಲೆ ಕೆಲಸದ ರೀತಿಯೇ ಬದಲಾಗುತ್ತ ಬಂತು. ಎರಡು ಸಾವಿರದ ಆಚೆ ಈಚೆ ರಕ್ತದ ಆಕ್ಸಿಜನ್ ಅಳೆಯುವ, ಬೆರಳಿಗೆ ಹಾಕುವ ಕ್ಲಿಪ್ಪು ಬಂತು. ಅದುವರೆಗೆ ನಾವು ಉಗುರು, ತುಟಿ ನೋಡಿ ಅಂದಾಜು ಮಾಡುತ್ತಿದ್ದೆವು. ಕುದಿಯುವ ಕೆಟಲಿನ ಹಬೆ ಹೋಗಿ ನೆಬ್ಯುಲೈಸರ್ ಬಂತು. ಸಿಲಿಂಡರಿನ ಜಾಗಕ್ಕೆ ಸುತ್ತಲ ಗಾಳಿಯಿಂದಲೇ ಆಕ್ಸಿಜನ್ ಸೋಸಿಕೊಡುವ, ಗುಯ್ ಎನ್ನುವ ಪೆಟ್ಟಿಗೆ ಬಂತು. ಅದನ್ನು ಮನೆಗೇ ಒಯ್ದು ಇಟ್ಟುಕೊಳ್ಳಬಹುದು. ಶರಣಪ್ಪನವರು ಅಡತಿ ಅಂಗಡಿಯ ಗಾದಿಯ ಪಕ್ಕದಲ್ಲೇ ಅಂಥದೊಂದನ್ನು ಇಟ್ಟು, ಗಿರಾಕಿ ಇಲ್ಲದಾಗ ಮೂಗಿಗೆ ಹಚ್ಚಿಕೊಂಡು ಕೂರುತ್ತಿದ್ದರು. ನಾವು ಕೀಲಿಗೆ ಒಂದು ಪಟ್ಟಿ ಅಂಟಿಸಿ ಕೊಟ್ಟಿದ್ದೆವು: ಇದನ್ನು ಮನೆಯವರು ತಿರುಗಿಸಬಾರದು. ಕೆಳಗೆ ಖಾಜಾಮಿಯಾ ಇದ್ದಿಲಿನಲ್ಲಿ ಬರೆದಿದ್ದ, ಬಂಡೆಪ್ಪನೋರೂ.

ಈಗ ಕೊನೆಯದೊಂದು. ಶರಣಪ್ಪನವರು ತಪಾಸಣೆಗೆ ಬಂದ ಒಂದು ದಿನ ನಮ್ಮ ವಾರ್ಡಿನಲ್ಲಿ ನಿರ್ಣಾ ಎಂಬ ಹಳ್ಳಿಯ ಚಂದ್ರಮ್ಮ ಎಂಬ ಹೆಂಗಸು ಇದ್ದಳು. ಸೌದೆ ಒಲೆಯ ಮುಂದೆ ಆಯುಷ್ಯ ಕಳೆದವಳು, ಹೊಗೆಯಿಂದ ಎದೆ ಕೆಟ್ಟಿತ್ತು. ಕ್ಲಿಪ್ಪಿನ ಅಂಕಿ ನೋಡಿ ನನಗೆ ಗಾಬರಿ. ಮಾಸ್ಕ್ ಹತ್ತಿರ ತಂದರೆ ಮುಖ ತಿರುಗಿಸುತ್ತಿದ್ದಳು. "ನನ್ನ ಗಂಡಗ ಮುಂಜಾನಿ ಹಚ್ಚಿದ್ರು, ಸಂಜಿಕ್ಕ ಹ್ವಾದ. ನಾ ಒಲ್ಲೆ." ಮಗಳು ಕಾಲು ಹಿಡಿದು ಬೇಡುತ್ತಿದ್ದಳು. ನಾನು ಹೃದಯ ಹೇಳಿದೆ, ಶ್ವಾಸಕೋಶ ಹೇಳಿದೆ, ಬಸ್ ಸ್ಟ್ಯಾಂಡ್ ಹೇಳಿದೆ. ಏನೂ ನಾಟಲಿಲ್ಲ.

ಶರಣಪ್ಪನವರು ನನಗೆಂದು ತಂದ ಬುಟ್ಟಿ ಹಿಡಿದುಕೊಂಡು ನನ್ನನ್ನೇ ಕಾಯುತ್ತ ನಿಂತಿದ್ದರು. ಇದನ್ನೆಲ್ಲ ಕೇಳಿಸಿಕೊಂಡು, ಅವಳ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು. ಬುಟ್ಟಿಯಿಂದ ಹಣ್ಣಾದ ಒಂದು ಸೀತಾಫಲ ತೆಗೆದು, ಅಂಗೈಯಲ್ಲೇ ಒತ್ತಿ ಎರಡು ಭಾಗ ಮಾಡಿ, ಒಂದೇ ಒಂದು ತೊಳೆ ಅವಳ ಬಾಯಿಗೆ ಹಿಡಿದರು.

"ಸಾವಕಾಶ ತಿನ್ನು ತಂಗಿ. ಹ್ಯಾಂಗದ?"

ಅವಳು ಚೀಪಿ, "ಸಕ್ಕರಿ ಆಗ್ಯಾದ" ಎಂದಳು ಏದುಸಿರಿನ ನಡುವೆ. "ಎಲ್ಲೀದಪ್ಪಾ?"

"ನನ್ನ ತೆಗ್ಗಿಂದು. ನನ್ನ ಹುಗೀಲಿಕ್ಕ ತಗದ ತೆಗ್ಗು. ನನಗೂ ಇದಾ ಮಾಸ್ಕ್ ಹಚ್ಚಿದ್ರು, ಊರಾಗ ತೆಗ್ಗು ತಗದ್ರು. ನಾ ಹೋಗಲಿಲ್ಲ, ಗಿಡ ಹೋಗಿ ಕೂತದ. ವರ್ಷಾ ವರ್ಷಾ ಹಣ್ಣು ತಿನ್ನಾಕತ್ತೀನಿ."

ಚಂದ್ರಮ್ಮ ಅವರ ಮುಖ ನೋಡಿದಳು, ಅವರ ಕೆಂಪು ತುಟಿ ನೋಡಿದಳು, ನನ್ನನ್ನು ನೋಡಿದಳು. "ಖರೇನ ಬಾಯಾರ?"

"ಖರೇ" ಎಂದೆ. "ತೆಗ್ಗು ತಗಸಿದವನೂ ಹೊರಗ ಗಾಡಿಯಾಗ ಕೂತಾನ. ಬೇಕಾದ್ರ ಕರೀತೀನಿ."

ಅವಳು ಬಾಗಿಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಬಾಯಲ್ಲಿದ್ದ ಬೀಜವನ್ನು ಅಂಗೈಗೆ ಉಗುಳಿ, ಕಣ್ಣು ಮುಚ್ಚಿ, ಮುಖ ನನ್ನ ಕಡೆ ಚಾಚಿದಳು. ಮಾಸ್ಕ್ ಹಾಕಿ ಕೀಲಿ ಸಣ್ಣಗೆ ತಿರುಗಿಸಿದೆ. ಬೀಜ ಎಸೆಯಲೆಂದು ಅವಳ ಮುಷ್ಟಿ ಬಿಡಿಸಲು ಹೋದರೆ ಬಿಗಿಯಾಗಿ ಹಿಡಿದುಕೊಂಡಳು.

"ಇರ್ಲಿ ಬಿಡ್ರಿ" ಎಂದಳು ಮಾಸ್ಕಿನೊಳಗಿಂದ. "ಊರಿಗಿ ಹೋಗಿ ಹಿತ್ತಲದಾಗ ಹಚ್ತೀನಿ."